ಹಿಮದ ಕಣಿವೆಗಳಿಂದ ಕೋಂಕಣಪುರಕ್ಕೆ: ಹ್ಯೂಯೆನ್ ತ್ಸಾಂಗನ ಬದುಕು ಮತ್ತು ಸಾಕ್ಷ್ಯ

1. ಪ್ರವೇಶ

ಕನ್ನಡನಾಡಿನ ಚರಿತ್ರೆಯನ್ನು ಬೋಧಿಸುವ ಪ್ರತಿಯೊಂದು ತರಗತಿಯಲ್ಲಿಯೂ ಹ್ಯೂಯೆನ್ ತ್ಸಾಂಗನ ಹೆಸರು ಒಮ್ಮೆಯಾದರೂ ಬಂದು ಹೋಗುತ್ತದೆ. ಇಮ್ಮಡಿ ಪುಲಕೇಶಿಯು ಉತ್ತರಾಪಥದ ಹರ್ಷವರ್ಧನನನ್ನು ತಡೆದು ನಿಲ್ಲಿಸಿದನೆಂಬುದಕ್ಕೆ ರವಿಕೀರ್ತಿಯ ಐಹೊಳೆ ಶಾಸನ (ಕ್ರಿ.ಶ. 634-35) ಒಂದು ಆಧಾರವಾದರೆ, ಈ ಚೀನೀ ಯಾತ್ರಿಕನ ಬರಹ ಮತ್ತೊಂದು ಆಧಾರ. ಆಶ್ರಿತ ಕವಿಯ ಪ್ರಶಸ್ತಿಗೆ ಹೊರನಾಡಿನವನೊಬ್ಬನ ಸಮರ್ಥನೆ ದೊರೆತಂತಾಗುವುದರಿಂದ ನಮ್ಮ ಚರಿತ್ರೆಕಾರರು ಆ ಭಾಗವನ್ನು ಮತ್ತೆ ಮತ್ತೆ ಬಳಸಿಕೊಂಡಿದ್ದಾರೆ. ಆದರೆ ಆ ಒಂದೆರಡು ಪುಟಗಳ ಆಚೆಗೆ ಆ ಮನುಷ್ಯನು ಯಾರು, ಆತನು ನೋಡುವ ಮತ್ತು ಎಣಿಸುವ ಕ್ರಮವನ್ನು ಎಲ್ಲಿ ರೂಢಿಸಿಕೊಂಡನು, ಆತನ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆಗಳು ಕನ್ನಡದ ವಿದ್ವತ್ತಿನಲ್ಲಿ ಸಾಕಷ್ಟು ಚರ್ಚೆಗೆ ಬಂದಿಲ್ಲ.

ರಾಯಚೂರು ಜಿಲ್ಲೆಯ ಹಟ್ಟಿ, ಲಿಂಗಸುಗೂರು, ಮಸ್ಕಿ, ಸಿಂಧನೂರು ಪರಿಸರದವರಿಗೆ ಈ ಪ್ರಶ್ನೆಗಳು ಇನ್ನಷ್ಟು ಹತ್ತಿರದವು. ಚಿನ್ನದ ಗಣಿಗಾರಿಕೆಯ ಎಂಜಿನಿಯರನಾಗಿದ್ದ ಬೀಡನ್ ಎಂಬಾತನು 1915ರಲ್ಲಿ ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನವನ್ನು ಬೆಳಕಿಗೆ ತಂದನು. ದೇವಾನಾಂಪ್ರಿಯನೆಂಬ ಬಿರುದಿನ ಅರಸನೇ ಅಶೋಕನೆಂಬುದು ಶಾಸನದ ಮಾತಿನಿಂದಲೇ ಖಚಿತವಾದದ್ದು ಅಲ್ಲಿಂದ. ಇತ್ತ ಹ್ಯೂಯೆನ್ ತ್ಸಾಂಗನು ವರ್ಣಿಸಿರುವ ಕೋಂಕಣಪುರವನ್ನು ಅಲೆಗ್ಸಾಂಡರ್ ಕನ್ನಿಂಗ್‌ಹ್ಯಾಮನು ತುಂಗಭದ್ರೆಯ ದಂಡೆಯ ಆನೆಗೊಂದಿಯೆಂದು ಗುರುತಿಸಿದನು. ಈ ಎರಡನ್ನೂ ಕೂಡಿಸಿ, ಯಾತ್ರಿಕನು ಕೃಷ್ಣಾ ತುಂಗಭದ್ರೆಗಳ ನಡುವಣ ನಮ್ಮ ದೋಆಬಿನ ಮಣ್ಣನ್ನು ತುಳಿದನೆಂದು ಹೇಳುವ ಆಸೆ ಹಟ್ಟಿಯ ಗಣಿಯೂರಿನವನಾದ ಪ್ರಸ್ತುತ ಲೇಖಕನಿಗೂ ಇಲ್ಲದಿಲ್ಲ. ಆದರೆ ಆಸೆಯು ಆಧಾರವಾಗಲಾರದು. ಆತನ ಬದುಕನ್ನು, ಅದರಲ್ಲಿಯೂ ಹಿಮಾಲಯ ಮತ್ತು ಅದರಾಚೆಯ ಪರ್ವತಕಣಿವೆಗಳಲ್ಲಿ ಆತನು ಕಳೆದ ದಿನಗಳನ್ನು, ಕ್ರಮವಾಗಿ ನೋಡಿ, ಆ ಬೆಳಕಿನಲ್ಲಿ ಕನ್ನಡನಾಡಿನ ಬಗೆಗಿನ ಆತನ ಮಾತುಗಳನ್ನು ತೂಗಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

2. ಹುಟ್ಟು ಮತ್ತು ಶಿಕ್ಷಣ

ಹ್ಯೂಯೆನ್ ತ್ಸಾಂಗನು ಚೀನಾದ ಇಂದಿನ ಹೆನಾನ್ ಪ್ರಾಂತದಲ್ಲಿ, ಲುವೊಯಾಂಗ್ ನಗರದ ಸಮೀಪದಲ್ಲಿ, ಸುಮಾರು ಕ್ರಿ.ಶ. 602ರಲ್ಲಿ ಹುಟ್ಟಿದನು. ಆತನ ಮನೆತನದ ಹೆಸರು ಚೆನ್. ತಲೆಮಾರುಗಳಿಂದ ವಿದ್ಯೆ ಮತ್ತು ರಾಜಸೇವೆಗಳಲ್ಲಿ ನಿರತವಾಗಿದ್ದ, ಕನ್‌ಫ್ಯೂಷಿಯಸನ ಸಂಪ್ರದಾಯವನ್ನು ಅನುಸರಿಸುತ್ತಿದ್ದ ಕುಟುಂಬವದು. ನಾಲ್ವರು ಗಂಡುಮಕ್ಕಳಲ್ಲಿ ಈತನು ಕಿರಿಯವನು. ಅಣ್ಣಂದಿರಲ್ಲಿ ಒಬ್ಬನು ಆ ವೇಳೆಗಾಗಲೇ ಲುವೊಯಾಂಗಿನ ಬೌದ್ಧವಿಹಾರವೊಂದರಲ್ಲಿ ಭಿಕ್ಷುವಾಗಿದ್ದನು. ಬಾಲಕನು ಆತನನ್ನು ಹಿಂಬಾಲಿಸಿ ಹದಿಮೂರನೆಯ ವಯಸ್ಸಿನಲ್ಲಿಯೇ ಸಂಘವನ್ನು ಸೇರಿದನು.

ಕ್ರಿ.ಶ. 618ರಲ್ಲಿ ಸುಯಿ ರಾಜವಂಶವು ಕುಸಿದು ತಾಂಗ್ ವಂಶವು ಅಧಿಕಾರಕ್ಕೆ ಬಂದಿತು. ಆ ಕಾಲದ ಕ್ಷಾಮ ಮತ್ತು ಕಾಳಗಗಳಿಂದ ತಪ್ಪಿಸಿಕೊಳ್ಳಲು ಅಣ್ಣ ತಮ್ಮಂದಿರಿಬ್ಬರೂ ಚಾಂಗನ್ ನಗರದ ಮಾರ್ಗವಾಗಿ ಸಿಚುವಾನಿನ ಚೆಂಗ್‌ಡುವಿಗೆ ಹೋದರು. ಅಲ್ಲಿ 622ರಲ್ಲಿ ಆತನಿಗೆ ಪೂರ್ಣ ಉಪಸಂಪದೆಯಾಯಿತು. ಮುಂದಿನ ವರ್ಷಗಳಲ್ಲಿ ಆತನು ಪ್ರಸಿದ್ಧ ಆಚಾರ್ಯರನ್ನು ಹುಡುಕಿಕೊಂಡು ಊರಿಂದೂರಿಗೆ ಅಲೆದನು. ಹೆಚ್ಚು ಕೇಳಿದಷ್ಟೂ ಸಂದೇಹಗಳು ಹೆಚ್ಚಿದವು. ಒಂದೇ ಗ್ರಂಥಕ್ಕೆ ಒಬ್ಬೊಬ್ಬ ಆಚಾರ್ಯನು ಒಂದೊಂದು ಅರ್ಥ ಹೇಳುತ್ತಿದ್ದನು. ಚೀನೀ ಭಾಷೆಯಲ್ಲಿದ್ದ ಅನುವಾದಗಳು ಪರಸ್ಪರ ಹೊಂದುತ್ತಿರಲಿಲ್ಲ. ಎಲ್ಲ ಜೀವಿಗಳಿಗೂ ಬುದ್ಧತ್ವ ಸಾಧ್ಯವೇ, ಚಿತ್ತದ ಮೂಲಸ್ವರೂಪವೇನು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯಬೇಕಾದರೆ ಯೋಗಾಚಾರಭೂಮಿಶಾಸ್ತ್ರವನ್ನು ಮೂಲದಲ್ಲಿಯೇ, ಅದನ್ನು ಬಲ್ಲವರಿಂದಲೇ ಕೇಳಬೇಕೆಂದು ಆತನು ನಿಶ್ಚಯಿಸಿದನು. ಪಾಠಾಂತರಗಳ ಗೊಂದಲವೇ ಈ ಮಹಾಯಾತ್ರೆಯ ಮೂಲಪ್ರೇರಣೆ ಎಂಬುದು ಗ್ರಂಥಸಂಪಾದನೆಯಲ್ಲಿ ತೊಡಗಿರುವ ನಮಗೆ ವಿಶೇಷವಾಗಿ ಗಮನಾರ್ಹವಾದುದು.

3. ನಿಷೇಧವನ್ನು ಮೀರಿದ ಪಯಣ

ಗಡಿಯಾಚೆಗೆ ಹೋಗುವುದನ್ನು ಆಗಿನ ಆಡಳಿತವು ನಿಷೇಧಿಸಿತ್ತು. ಆತನು ಸಲ್ಲಿಸಿದ ಕೋರಿಕೆಗೆ ಅನುಮತಿ ದೊರೆಯಲಿಲ್ಲ. ಆದರೂ ಕ್ರಿ.ಶ. 629ರಲ್ಲಿ (627 ಎಂಬ ಅಭಿಪ್ರಾಯವೂ ಇದೆ) ಆತನು ಹೊರಟೇಬಿಟ್ಟನು. ಹಗಲು ಅಡಗಿದ್ದು ರಾತ್ರಿ ನಡೆದು ಗಡಿಯ ಕಾವಲುಗೋಪುರಗಳನ್ನು ದಾಟಿದನು. ಮುಂದಿನ ಮರಳುಗಾಡಿನಲ್ಲಿ ದಾರಿ ತಪ್ಪಿತು, ನೀರಿನ ಚೀಲವು ಕೈತಪ್ಪಿ ಬಿದ್ದು ಬರಿದಾಯಿತು. ನಾಲ್ಕು ರಾತ್ರಿ ಐದು ಹಗಲು ಹನಿ ನೀರಿಲ್ಲದೆ ಕಳೆದು, ಕೊನೆಗೆ ಕುದುರೆಯು ತಾನಾಗಿಯೇ ಹುಡುಕಿಕೊಂಡು ಹೋದ ಹುಲ್ಲುಗಾವಲಿನ ನೀರಿನಿಂದ ಬದುಕಿ ಹಾಮಿ ಎಂಬ ಊರನ್ನು ತಲುಪಿದನು.

ಅಲ್ಲಿಂದ ತುರ್ಫಾನಿನ ಅರಸನು ಆತನನ್ನು ಬರಮಾಡಿಕೊಂಡನು. ಈ ಅರಸನಿಗೆ ಭಿಕ್ಷುವಿನ ಮೇಲಿದ್ದ ಭಕ್ತಿಯೇ ಒಂದು ಅಡ್ಡಿಯಾಯಿತು. ತನ್ನಲ್ಲಿಯೇ ನಿಲ್ಲಬೇಕೆಂದು ಅರಸನು ಹಠ ಹಿಡಿದಾಗ ಭಿಕ್ಷುವು ಅನ್ನ ನೀರು ಬಿಟ್ಟು ಕುಳಿತನು. ಅರಸನು ಸೋತು, ಮರಳಿ ಬರುವಾಗ ಮೂರು ವರ್ಷ ತನ್ನಲ್ಲಿ ಇರಬೇಕೆಂಬ ಮಾತು ಪಡೆದು, ದಾರಿಯ 24 ರಾಜ್ಯಗಳಿಗೆ ಪತ್ರಗಳನ್ನೂ ಆಳು ಕುದುರೆಗಳನ್ನೂ ಕೊಟ್ಟು ಕಳುಹಿಸಿದನು. ಗುಟ್ಟಾಗಿ ದೇಶ ಬಿಟ್ಟವನು ಇಲ್ಲಿಂದ ಮುಂದೆ ರಾಜಮರ್ಯಾದೆಯ ಯಾತ್ರಿಕನಾದನು.

ಆದರೆ ಪರ್ವತಗಳು ರಾಜಮುದ್ರೆಯನ್ನು ಲೆಕ್ಕಿಸುವಂತಹವಲ್ಲ. ತಿಯಾನ್‌ಷಾನ್ ಶ್ರೇಣಿಯ ಹಿಮದ ಕಣಿವೆಯನ್ನು ದಾಟಲು ಏಳು ದಿನಗಳು ಹಿಡಿದವು. ಅಡುಗೆ ಮಾಡಲು ಒಣನೆಲವಿಲ್ಲದೆ ಪಾತ್ರೆಗಳನ್ನು ತೂಗುಹಾಕಿ ಬೇಯಿಸಬೇಕಾಯಿತು, ಮಂಜುಗಡ್ಡೆಯ ಮೇಲೆಯೇ ಮಲಗಬೇಕಾಯಿತು. ಜೊತೆಗಿದ್ದವರಲ್ಲಿ ಹತ್ತಕ್ಕೆ ಮೂವರೋ ನಾಲ್ವರೋ ಹಸಿವು ಮತ್ತು ಚಳಿಯಿಂದ ಸತ್ತರು. ಎತ್ತು ಕುದುರೆಗಳ ಸಾವು ಅದಕ್ಕೂ ಹೆಚ್ಚು. ಇಲ್ಲಿ ಅಂಟಿಕೊಂಡ ಶೀತದ ಬೇನೆಯು ಆತನನ್ನು ಕೊನೆಯವರೆಗೂ ಬಿಡಲಿಲ್ಲ.

4. ಕಣಿವೆಗಳು ಮತ್ತು ವಿಹಾರಗಳು

ಸಮರಕಂದ, ಬಾಲ್ಖ್‌ಗಳನ್ನು ದಾಟಿ ಆತನು ಹಿಂದೂಕುಷ್ ಪರ್ವತದ ಒಳಗಿನ ಬಾಮಿಯಾನ್ ಕಣಿವೆಗೆ ಬಂದನು. ಅಲ್ಲಿ ಹತ್ತಾರು ವಿಹಾರಗಳಲ್ಲಿ ಲೋಕೋತ್ತರವಾದಿ ಪಂಥದ ಸಾವಿರಾರು ಭಿಕ್ಷುಗಳಿದ್ದರು. ಬೆಟ್ಟದ ಕಲ್ಲಿನಲ್ಲಿ ಕಡೆದ, ನೂರನಲವತ್ತು ನೂರೈವತ್ತು ಅಡಿ ಎತ್ತರದ ನಿಂತ ಬುದ್ಧನ ಮೂರ್ತಿಯು ಹೊನ್ನಿನ ಬಣ್ಣದಿಂದ ಹೊಳೆಯುತ್ತಿದ್ದುದನ್ನು ಆತನು ದಾಖಲಿಸಿದ್ದಾನೆ. 2001ರ ಮಾರ್ಚಿಯಲ್ಲಿ ಆ ಮೂರ್ತಿಗಳನ್ನು ಸ್ಫೋಟಿಸಲಾಯಿತು. ಆ ಮೂರ್ತಿಯ ಮೂಲ ರೂಪದ ಬಗೆಗೆ ಈ ಯಾತ್ರಿಕನ ಮಾತಿಗೆ ಈಗ ಮೊದಲಿಗಿಂತ ಹೆಚ್ಚಿನ ಬೆಲೆ ಬಂದಿದೆ.

ಮುಂದಿನ ಉಡ್ಡಿಯಾನ, ಅಂದರೆ ಇಂದಿನ ಸ್ವಾತ್ ಕಣಿವೆಯಲ್ಲಿ, ಆತನು ಕಂಡದ್ದು ಬೇರೆಯೇ ಚಿತ್ರ. ನದಿಯ ಎರಡೂ ದಡಗಳಲ್ಲಿ ಹಿಂದೆ 1400 ವಿಹಾರಗಳೂ 18,000 ಭಿಕ್ಷುಗಳೂ ಇದ್ದರೆಂದು ಕೇಳಿ ಬರೆದ ಆತನು, ಈಗ ಅವುಗಳಲ್ಲಿ ಬಹುಪಾಲು ಪಾಳುಬಿದ್ದಿವೆ, ಭಿಕ್ಷುಗಳ ಸಂಖ್ಯೆ ಇಳಿದಿದೆ, ಉಳಿದವರು ಗ್ರಂಥವನ್ನು ಓದಬಲ್ಲರೇ ಹೊರತು ಅದರ ಆಳವಾದ ಅರ್ಥವನ್ನು ಅರಿಯರು ಎಂದು ಮುಚ್ಚುಮರೆಯಿಲ್ಲದೆ ದಾಖಲಿಸಿದನು. ತಾನು ಪ್ರಾಣವನ್ನು ಒತ್ತೆಯಿಟ್ಟು ನೋಡಬಂದ ಧರ್ಮದ ಅವನತಿಯನ್ನು ಬಚ್ಚಿಡದ ಈ ಗುಣವು ಆತನ ಸಾಕ್ಷ್ಯದ ಮೊದಲ ಲಕ್ಷಣ. ಸಿಂಧೂನದಿಯ ಕೊರಕಲಿನ ಗುಂಟ ದಾರೆಲ್ ಕಣಿವೆಗೆ ಹೋಗುವ ದಾರಿಯಲ್ಲಿ ಹಗ್ಗದ ಸೇತುವೆ, ಕಬ್ಬಿಣದ ಸರಪಳಿ, ಬಂಡೆಗೆ ಬಡಿದ ಮರದ ಗೂಟಗಳ ಮೇಲೆ ಹೆಜ್ಜೆಯಿಡುತ್ತ ಸಾಗಬೇಕಿದ್ದುದನ್ನೂ ಅಲ್ಲಿನ ನೂರು ಅಡಿ ಎತ್ತರದ ಮೈತ್ರೇಯನ ಮರದ ಮೂರ್ತಿಯನ್ನೂ ಆತನು ವರ್ಣಿಸಿದ್ದಾನೆ.

ಪಶ್ಚಿಮದ ಕಲ್ಲಿನ ದ್ವಾರದ ಮೂಲಕ ಕಾಶ್ಮೀರವನ್ನು ಪ್ರವೇಶಿಸಿದ ಆತನು ಅಲ್ಲಿ ಸುಮಾರು ಎರಡು ವರ್ಷಗಳ ಕಾಲ ನಿಂತನು. ನೂರಕ್ಕೂ ಹೆಚ್ಚು ವಿಹಾರಗಳು, ಸುಮಾರು 5000 ಭಿಕ್ಷುಗಳು ಎಂಬುದು ಆತನ ಲೆಕ್ಕ. ಎಪ್ಪತ್ತರ ಸಮೀಪದ ವೃದ್ಧ ಆಚಾರ್ಯರೊಬ್ಬರು ಈ ವಿದೇಶೀ ಶಿಷ್ಯನಿಗಾಗಿ ಬೆಳಿಗ್ಗೆ ಅಭಿಧರ್ಮಕೋಶ, ಮಧ್ಯಾಹ್ನದ ಮೇಲೆ ನ್ಯಾಯಾನುಸಾರ, ಇರುಳಿನ ಮೊದಲ ಜಾವದಲ್ಲಿ ಹೇತುವಿದ್ಯೆಯನ್ನು ಪಾಠ ಹೇಳಿದರು. ಗ್ರಂಥಗಳನ್ನು ಪ್ರತಿಮಾಡಲು ಅರಸನು 20 ಮಂದಿ ಲಿಪಿಕಾರರನ್ನು ಒದಗಿಸಿದನು. ಆತನ ಯಾತ್ರೆಯನ್ನು ತೀರ್ಥಾಟನೆಯೆಂದು ಮಾತ್ರ ಭಾವಿಸುವವರು ಕಾಶ್ಮೀರದ ಈ ಎರಡು ವರ್ಷಗಳನ್ನು ನೆನೆಯಬೇಕು. ಅದು ಕ್ಷೇತ್ರಕಾರ್ಯ, ಪಾಠ ಮತ್ತು ಹಸ್ತಪ್ರತಿ ಸಂಗ್ರಹಗಳು ಒಂದಾಗಿದ್ದ ಪ್ರಯಾಣ.

ಜಾಲಂಧರದಿಂದ ಈಶಾನ್ಯಕ್ಕೆ ಕಡಿದಾದ ಬೆಟ್ಟಗಳನ್ನೇರಿ ಆತನು ಕುಲೂತಕ್ಕೆ, ಅಂದರೆ ಇಂದಿನ ಕುಲು ಕಣಿವೆಗೆ ಹೋದನು. ಅಲ್ಲಿ ಸುಮಾರು 20 ವಿಹಾರಗಳು, ಸಾವಿರಕ್ಕೂ ಮಿಕ್ಕಿದ ಭಿಕ್ಷುಗಳು, 15 ದೇವಾಲಯಗಳು ಇದ್ದವು. ಬಂಡೆಗಳಲ್ಲಿ ಕೊರೆದ ಗುಹೆಗಳಲ್ಲಿ ಸಾಧಕರು ವಾಸಿಸುತ್ತಿದ್ದರು. ಅಲ್ಲಿನ ಔಷಧಿಯ ಗಿಡಮೂಲಿಕೆಗಳು, ಲೋಹಗಳು, ಜನರಲ್ಲಿ ಕಂಡ ಗಂಟಲವಾಳದ ರೋಗ ಇವನ್ನೆಲ್ಲ ಆತನು ಗುರುತಿಸಿದನು.

ಇಲ್ಲಿ ಒಂದು ಮುಖ್ಯ ಸಂಗತಿ ಎದುರಾಗುತ್ತದೆ. ಕುಲೂತದ ಉತ್ತರಕ್ಕಿದ್ದ ಲಾಹುಲ್ ಮತ್ತು ಅದರಾಚೆಯ, ಲಡಾಖ್ ಎಂದು ಬಹುಮಟ್ಟಿಗೆ ಗುರುತಿಸಲಾಗಿರುವ ನಾಡುಗಳ ಹೆಸರು ಮತ್ತು ದೂರಗಳನ್ನು ಆತನು ಕೊಟ್ಟಿದ್ದಾನೆ. ಆದರೆ ವಿಹಾರಗಳ ಸಂಖ್ಯೆಯನ್ನಾಗಲಿ ಭಿಕ್ಷುಗಳ ಸಂಖ್ಯೆಯನ್ನಾಗಲಿ ಕೊಟ್ಟಿಲ್ಲ. ಆತನ ಗ್ರಂಥವನ್ನು ಅಣಿಗೊಳಿಸಿದ ಬಿಯಾನ್‌ಜಿ ಎಂಬ ಭಿಕ್ಷುವು ಗ್ರಂಥಾಂತ್ಯದಲ್ಲಿ ಇದಕ್ಕೆ ಒಂದು ಕೀಲಿಕೈ ಒದಗಿಸಿದ್ದಾನೆ. ಆತನ ವಿವರಣೆಯ ಪ್ರಕಾರ, ನಡೆದು ಹೋಗುವ ಅರ್ಥದ ಕ್ರಿಯಾಪದವನ್ನು ಬಳಸಿದ ಕಡೆ ಯಾತ್ರಿಕನು ಸ್ವತಃ ಹೋಗಿದ್ದಾನೆ. ಬರಿಯ ತಲುಪುವ ಅರ್ಥದ ಕ್ರಿಯಾಪದವಿದ್ದ ಕಡೆ ಕೇಳಿ ಬರೆದಿದ್ದಾನೆ. ಕುಲೂತದ ವಿವರದಲ್ಲಿ ನಡೆದ ಪದವಿದೆ, ಲಾಹುಲಿನ ವಿವರದಲ್ಲಿ ಅದಿಲ್ಲ. ನೇಪಾಳದ ವಿವರದಲ್ಲಿಯೂ ಇಲ್ಲ. ಹಿಮಪರ್ವತದ ನಡುವೆ ಉತ್ತಮವಾದ ಚಿನ್ನ ಸಿಗುವ, ಹೆಂಗಸರೇ ಆಳುವ ಸುವರ್ಣಗೋತ್ರವೆಂಬ ದೇಶದ ಪ್ರಸಿದ್ಧ ವರ್ಣನೆಯಲ್ಲಿಯೂ ಇಲ್ಲ. ಅಶೋಕನ ಬ್ರಹ್ಮಗಿರಿ ಶಾಸನವು ಹೆಸರಿಸುವ ಸುವರ್ಣಗಿರಿಯನ್ನು ಮಸ್ಕಿಯ ಸುತ್ತಮುತ್ತ ಹುಡುಕುತ್ತ ಬಂದಿರುವ ನಮಗೆ ಸುವರ್ಣಗೋತ್ರದ ಹೆಸರು ಕಿವಿಗೆ ಇಂಪಾಗಿ ಕೇಳಿಸುತ್ತದೆ. ಆದರೆ ಹೆಸರಿನ ಸಾಮ್ಯವನ್ನು ಬಿಟ್ಟರೆ ಅವೆರಡಕ್ಕೂ ಸಂಬಂಧವಿಲ್ಲ. ದುರ್ಗಮವಾದ ಕಣಿವೆಗಳಲ್ಲಿ ಕಂಡದ್ದನ್ನೂ ಕೇಳಿದ್ದನ್ನೂ ಬೆರೆಸದಿರುವ ಶಿಸ್ತನ್ನು ಆತನ ಗ್ರಂಥವು ಹೀಗೆ ಪಾಲಿಸಿತು. ಆತನ ಮಾತನ್ನು ಬಳಸುವವರೂ ಆ ಶಿಸ್ತನ್ನು ಪಾಲಿಸಬೇಕಾಗುತ್ತದೆ.

5. ನಾಲಂದಾ

ಮಥುರಾ, ಸ್ಥಾನೇಶ್ವರ, ಕನ್ಯಾಕುಬ್ಜ, ಶ್ರಾವಸ್ತಿ, ಕುಶಿನಗರ, ವಾರಾಣಸಿಗಳನ್ನು ಕಂಡು, ಬೋಧಗಯೆಯ ಮೂಲಕ ಸುಮಾರು 637ರ ಹೊತ್ತಿಗೆ ಆತನು ನಾಲಂದಾವನ್ನು ಸೇರಿದನು. ಅಲ್ಲಿನ ಅತಿವೃದ್ಧ ಪ್ರಧಾನಾಚಾರ್ಯ ಶೀಲಭದ್ರನು ಯೋಗಾಚಾರದಲ್ಲಿ ಆ ಕಾಲದ ಮೇರುವಿದ್ವಾಂಸ. ಆತನ ಬಳಿ ಹ್ಯೂಯೆನ್ ತ್ಸಾಂಗನು ಯೋಗಾಚಾರಭೂಮಿಶಾಸ್ತ್ರದ ವ್ಯಾಖ್ಯಾನವನ್ನು ಮೂರು ಸಲ ಕೇಳಿದನು. ಸಂಸ್ಕೃತ ವ್ಯಾಕರಣವನ್ನೂ ಬ್ರಾಹ್ಮಣ ಶಾಸ್ತ್ರಗಳನ್ನೂ ಓದಿದನು. ಚೀನಾದಲ್ಲಿ ಬಿಡಿಸಲಾರದೆ ಉಳಿದ ಸಂದೇಹಗಳಿಗೆ ಇಲ್ಲಿ ಉತ್ತರ ದೊರೆಯಿತು.

ಸಂಖ್ಯೆಗಳ ವಿಷಯದಲ್ಲಿ ನಾಲಂದಾ ನಮಗೊಂದು ಪಾಠ ಹೇಳುತ್ತದೆ. ಹ್ಯೂಯೆನ್ ತ್ಸಾಂಗನ ಗ್ರಂಥದಲ್ಲಿ ಅಲ್ಲಿದ್ದ ಭಿಕ್ಷುಗಳು ಹಲವು ಸಾವಿರ. ಆತನ ಶಿಷ್ಯ ಹುಯಿಲಿಯು ಬರೆದು ಯಾನ್‌ಸಾಂಗನು 688ರಲ್ಲಿ ಪೂರ್ಣಗೊಳಿಸಿದ ಜೀವನಚರಿತ್ರೆಯಲ್ಲಿ ಅದು ಅತಿಥಿಗಳೂ ಸೇರಿ ಹತ್ತು ಸಾವಿರವಾಗಿದೆ. ಕೆಲವೇ ದಶಕಗಳ ನಂತರ ಅಲ್ಲಿಯೇ ಓದಿದ ಇತ್ಸಿಂಗನ ಲೆಕ್ಕದಲ್ಲಿ ಮೂರು ಸಾವಿರಕ್ಕೆ ಮಿಕ್ಕಿ. ಹತ್ತು ಸಾವಿರವೆಂಬುದು ಚೀನೀ ಭಾಷೆಯಲ್ಲಿ ಬಹಳವೆಂಬ ಅರ್ಥವನ್ನೂ ಕೊಡುತ್ತದೆ. ಈ ಅಂಶವನ್ನು ಮುಂದೆ ನಾವು ನೆನಪಿಡಬೇಕು.

6. ದಕ್ಷಿಣಾಪಥ ಮತ್ತು ಕನ್ನಡನಾಡು

ಸುಮಾರು 638ರಿಂದ ಆತನು ಬಂಗಾಳ, ಕಳಿಂಗ, ದಕ್ಷಿಣ ಕೋಸಲ, ಆಂಧ್ರ, ಧಾನ್ಯಕಟಕಗಳ ಮೂಲಕ ಪಲ್ಲವರ ಕಾಂಚೀಪುರಕ್ಕೆ ಬಂದನು. ಅಲ್ಲಿಂದ ಸಿಂಹಳಕ್ಕೆ ಹೋಗುವ ಇಚ್ಛೆಯಿತ್ತು. ಆದರೆ ಅಲ್ಲಿನ ಅರಸನು ಮಡಿದು ಕ್ಷಾಮವೂ ದಂಗೆಯೂ ಎದ್ದಿರುವುದಾಗಿ ದ್ವೀಪದಿಂದ ಬಂದ ಭಿಕ್ಷುಗಳು ತಿಳಿಸಿದ್ದರಿಂದ ಆತನು ಉತ್ತರಕ್ಕೆ ತಿರುಗಿದನು. ಆ ತಿರುವೇ ಆತನನ್ನು ಕನ್ನಡನಾಡಿಗೆ ತಂದಿತು.

ದ್ರಾವಿಡದಿಂದ ಕಾಡು ಮತ್ತು ಪಾಳು ಊರುಗಳ ನಡುವೆ, ಪ್ರಯಾಣಿಕರನ್ನು ದೋಚುವ ಗುಂಪುಗಳ ಭಯದಲ್ಲಿ, ಎರಡು ಸಾವಿರ ಲೀಗಳಿಗೂ ಹೆಚ್ಚು ದೂರ ನಡೆದು ಆತನು ಕೋಂಕಣಪುರವನ್ನು ತಲುಪಿದನು (ಲೀ ಎಂಬುದು ಚೀನೀಯರ ದೂರದ ಅಳತೆ). ನೆಲ ಫಲವತ್ತಾದುದು, ಜನರು ಕಪ್ಪು ಮೈಬಣ್ಣದವರು, ಒರಟು ಸ್ವಭಾವದವರಾದರೂ ವಿದ್ಯೆಯನ್ನೂ ಗುಣವನ್ನೂ ಗೌರವಿಸುವವರು. ನೂರಕ್ಕೂ ಹೆಚ್ಚು ವಿಹಾರಗಳು, ಹತ್ತು ಸಾವಿರಕ್ಕೂ ಹೆಚ್ಚು ಭಿಕ್ಷುಗಳು, ನೂರಾರು ದೇವಾಲಯಗಳು. ಅರಮನೆಯ ಬಳಿಯ ದೊಡ್ಡ ವಿಹಾರದಲ್ಲಿ ಮುನ್ನೂರು ಭಿಕ್ಷುಗಳಿದ್ದು, ರಾಜಕುಮಾರ ಸಿದ್ಧಾರ್ಥನ ರತ್ನಕಿರೀಟವೆಂದು ನಂಬಿದ ವಸ್ತುವನ್ನು ಅಲ್ಲಿ ಪೂಜಿಸಲಾಗುತ್ತಿತ್ತು. ಮತ್ತೊಂದು ವಿಹಾರದಲ್ಲಿ ಶ್ರೀಗಂಧದ ಮೈತ್ರೇಯ ಮೂರ್ತಿಯಿತ್ತು. ನಗರದ ಉತ್ತರಕ್ಕೆ ತಾಳೆಮರಗಳ ವನವೊಂದಿದ್ದು ಅದರ ಉದ್ದನೆಯ, ನುಣುಪಾದ ಗರಿಗಳನ್ನು ಎಲ್ಲ ದೇಶಗಳಲ್ಲಿಯೂ ಬರೆಯಲು ಬಳಸುತ್ತಿದ್ದರು. ನೈಋತ್ಯಕ್ಕೆ ಅಶೋಕನು ಕಟ್ಟಿಸಿದನೆಂದು ಹೇಳುವ ಸ್ತೂಪವಿತ್ತು.

ಈ ಕೋಂಕಣಪುರ ಯಾವುದು? ಕನ್ನಿಂಗ್‌ಹ್ಯಾಮನು ಆನೆಗೊಂದಿಯೆಂದನು. ಫ್ರೆಂಚ್ ವಿದ್ವಾಂಸ ಸೇಂಟ್ ಮಾರ್ಟಿನನು ಬನವಾಸಿಯೆಂದನು. ಆನೆಗೊಂದಿಯ ಪಕ್ಷದಲ್ಲಿ ಅಶೋಕನ ಶಾಸನಗಳ ನೆರೆಯೇ ದೊಡ್ಡ ಆಕರ್ಷಣೆ. ಮಸ್ಕಿಯ ಜೊತೆಗೆ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ತುಂಗಭದ್ರೆಯ ಆಚೆಯ ನಿಟ್ಟೂರು ಮತ್ತು ಉಡೆಗೋಳಂ ಇವೆಲ್ಲವೂ ಅದರ ಸುತ್ತಲಿವೆ. ಆದರೆ ಅಶೋಕನ ಸ್ತೂಪವೆಂಬ ಮಾತನ್ನು ಯಾತ್ರಿಕನು ಕುಲೂತದಲ್ಲಿಯೂ ಹೇಳುತ್ತಾನೆ, ಕಾಶ್ಮೀರದಲ್ಲಿಯೂ ಹೇಳುತ್ತಾನೆ. ಹಳೆಯ ಸ್ತೂಪಗಳನ್ನೆಲ್ಲ ಅಶೋಕನಿಗೆ ಆರೋಪಿಸುವುದು ಆ ಕಾಲದ ಭಿಕ್ಷುಗಳ ರೂಢಿಯಾಗಿತ್ತು. ಏಳನೆಯ ಶತಮಾನದ ವೇಳೆಗೆ ಮೌರ್ಯರ ಕಾಲದ ಬ್ರಾಹ್ಮಿಯನ್ನು ಓದಬಲ್ಲವರು ಉಳಿದಿರಲಿಲ್ಲವಾದ್ದರಿಂದ ಮಸ್ಕಿಯ ಬಂಡೆಯು ಆಗ ಯಾರೊಂದಿಗೂ ಮಾತನಾಡುತ್ತಿರಲಿಲ್ಲ. ಬಂಡೆಯ ಮೇಲಿನ ಶಾಸನದ ಪ್ರಸ್ತಾಪವಂತೂ ಕೋಂಕಣಪುರದ ವರ್ಣನೆಯಲ್ಲಿಲ್ಲ. ಹೀಗಿರುವಾಗ ಆ ಒಂದು ಸ್ತೂಪದ ಬಲದಿಂದ ಯಾತ್ರಿಕನನ್ನು ದೋಆಬಿಗೆ ಎಳೆದು ತರುವುದು ಯುಕ್ತವಾಗಲಾರದು.

ಅಲ್ಲಿಂದ ವಾಯವ್ಯಕ್ಕೆ ಕಾಡುಮೃಗಗಳೂ ಕಳ್ಳರೂ ತುಂಬಿದ ಮಹಾರಣ್ಯವನ್ನು ದಾಟಿ, ಸುಮಾರು 641ರಲ್ಲಿ, ಆತನು ಮಹಾರಾಷ್ಟ್ರವೆಂದು ಕರೆದ ಚಾಲುಕ್ಯ ರಾಜ್ಯಕ್ಕೆ ಬಂದನು. ಜನರು ಎತ್ತರದ ಆಳುಗಳು, ಅಭಿಮಾನಿಗಳು, ಉಪಕಾರವನ್ನು ಮರೆಯದವರು, ಅಪಕಾರಕ್ಕೆ ಸೇಡು ತೀರಿಸಿಕೊಳ್ಳುವವರು ಎಂದು ಆತನು ಬರೆದನು. ಸೋತ ಸೇನಾನಿಗೆ ಶಿಕ್ಷೆ ವಿಧಿಸದೆ ಹೆಂಗಸರ ಉಡುಗೆ ಕೊಡುವ ಪದ್ಧತಿ, ಯುದ್ಧಕ್ಕೆ ಮುನ್ನ ಆನೆಗಳಿಗೆ ಮದ್ಯ ಕುಡಿಸುವ ಕ್ರಮ ಇವು ನಮ್ಮ ಪಠ್ಯಪುಸ್ತಕಗಳಿಗೆ ಪರಿಚಿತ. ಅರಸ ಪುಲಕೇಶಿಯು ಕ್ಷತ್ರಿಯನೆಂದೂ ಪ್ರಜೆಗಳು ಆತನಿಗೆ ವಿಧೇಯರೆಂದೂ, ಹರ್ಷನು ಪಂಚಭಾರತದ ಸೈನ್ಯ ಕೂಡಿಸಿ ತಾನೇ ನಡೆದು ಬಂದರೂ ಇವರನ್ನು ಮಣಿಸಲಾಗಲಿಲ್ಲವೆಂದೂ ಆತನು ದಾಖಲಿಸಿದನು. ನೂರರಷ್ಟು ವಿಹಾರಗಳು, 5000 ಭಿಕ್ಷುಗಳು ಈ ರಾಜ್ಯದಲ್ಲಿದ್ದರು. ಪೂರ್ವದ ಬೆಟ್ಟದ ಕಣಿವೆಯಲ್ಲಿ ಕಡೆದ, ಬಾಗಿಲಲ್ಲಿ ಕಲ್ಲಿನ ಆನೆಗಳಿರುವ ವಿಹಾರದ ವರ್ಣನೆಯು ಅಜಂತೆಯದೆಂದು ವಿದ್ವಾಂಸರು ಒಪ್ಪಿದ್ದಾರೆ.

ಇಲ್ಲಿ ಎರಡು ವಿಷಯಗಳನ್ನು ಗಮನಿಸಬೇಕು. ಒಂದು, ಕೋಂಕಣಪುರ ಮತ್ತು ಮಹಾರಾಷ್ಟ್ರಗಳೆರಡರ ವಿವರದಲ್ಲಿಯೂ ನಡೆದು ಹೋದ ಅರ್ಥದ ಪದವೇ ಇದೆ. ಆದ್ದರಿಂದ ಇವು ಲಾಹುಲಿನಂತೆ ಕೇಳಿ ಬರೆದವಲ್ಲ, ಕುಲೂತದಂತೆ ಕಂಡು ಬರೆದವು ಎನ್ನಲು ಆಧಾರವಿದೆ. ಆದರೆ ಈ ಸೂತ್ರವನ್ನು ಯಾಂತ್ರಿಕವಾಗಿ ಅನ್ವಯಿಸಲಾಗದು. ದಕ್ಷಿಣದ ಮಲಕೂಟದ ವಿವರದಲ್ಲಿ ಗ್ರಂಥವು ನಡೆದ ಪದವನ್ನು ಬಳಸಿದರೂ ಜೀವನಚರಿತ್ರೆಯು ಅದನ್ನು ಕೇಳಿ ತಿಳಿದ ದೇಶವೆನ್ನುತ್ತದೆ. ಎರಡು, ಈ ವಿವರವು ಕಾಲದ ದೃಷ್ಟಿಯಿಂದ ಬಹಳ ಸೂಕ್ಷ್ಮವಾದುದು. 642ರ ಸುಮಾರಿಗೆ ಪಲ್ಲವ ನರಸಿಂಹವರ್ಮನು ಬಾದಾಮಿಯನ್ನು ಹಿಡಿದನು, ಪುಲಕೇಶಿಯ ಆಳ್ವಿಕೆ ಮುಗಿಯಿತು. ಅಂದರೆ ಯಾತ್ರಿಕನು ಕಾಂಚಿಯನ್ನೂ ಚಾಲುಕ್ಯ ರಾಜ್ಯವನ್ನೂ ಕಂಡದ್ದು ಆ ಯುದ್ಧದ ಮುನ್ನಾದಿನಗಳಲ್ಲಿ. ಆತನ ಗ್ರಂಥವು 646ರಲ್ಲಿ ಸಿದ್ಧವಾದರೂ ಅದರಲ್ಲಿ ಪುಲಕೇಶಿಯು ಇನ್ನೂ ಆಳುತ್ತಲೇ ಇದ್ದಾನೆ. ಬರೆದ ವರ್ಷವನ್ನಲ್ಲದೆ ಕಂಡ ವರ್ಷವನ್ನೇ ಈ ಸಾಕ್ಷ್ಯದ ಕಾಲವೆಂದು ಹಿಡಿಯಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆತನು ಹೇಳದೆ ಬಿಟ್ಟದ್ದೂ ಮುಖ್ಯವೇ. ಆಂಧ್ರ ಮತ್ತು ದ್ರಾವಿಡಗಳ ಭಾಷೆ ಹಾಗೂ ಲಿಪಿಗಳು ಮಧ್ಯದೇಶಕ್ಕಿಂತ ಹೇಗೆ ಭಿನ್ನವೆಂಬುದನ್ನು ಗುರುತಿಸಿದ ಆತನು ಈ ಎರಡು ರಾಜ್ಯಗಳ ನುಡಿಯ ಬಗೆಗೆ ಮೌನ ತಾಳಿದ್ದಾನೆ. ಮಂಗಳೇಶನ ಕನ್ನಡ ಶಾಸನವು ಬಾದಾಮಿಯ ಗುಹೆಯಲ್ಲಿ ಆ ವೇಳೆಗಾಗಲೇ ಇತ್ತು.

7. ಮರಳುವ ದಾರಿ

ವಲಭಿ, ಸಿಂಧ್, ಮೂಲಸ್ಥಾನಗಳನ್ನು ಸುತ್ತಿ ನಾಲಂದಾಕ್ಕೆ ಮರಳಿದ ಆತನನ್ನು ಕಾಮರೂಪದ ಭಾಸ್ಕರವರ್ಮನೂ ಬಳಿಕ ಹರ್ಷನೂ ಕರೆಸಿಕೊಂಡರು. ಕನ್ಯಾಕುಬ್ಜದ ಮಹಾಸಭೆಯಲ್ಲಿ ಆತನು ಮಹಾಯಾನದ ಪಕ್ಷವನ್ನು ಮಂಡಿಸಿದನು, ಪ್ರಯಾಗದ ದಾನೋತ್ಸವವನ್ನು ಕಂಡನು. ಹರ್ಷನ ಆದರಕ್ಕೆ ಪಾತ್ರನಾದ ಆತನೇ ಹರ್ಷನ ಸೋಲನ್ನೂ ಬರೆದಿಟ್ಟನೆಂಬುದು ಪುಲಕೇಶಿಯ ಕುರಿತ ಸಾಕ್ಷ್ಯಕ್ಕೆ ವಿಶೇಷ ತೂಕವನ್ನು ತಂದುಕೊಡುತ್ತದೆ.

643ರಲ್ಲಿ ಆತನು ಗ್ರಂಥರಾಶಿಯೊಡನೆ ಸ್ವದೇಶಕ್ಕೆ ಹೊರಟನು. ಸಿಂಧೂನದಿಯನ್ನು ದಾಟುವಾಗ ಬಿರುಗಾಳಿಗೆ ದೋಣಿ ತೊಯ್ದಾಡಿ 50 ಹಸ್ತಪ್ರತಿಗಳು ನೀರು ಪಾಲಾದವು. ಆತನು ದಡದ ಊರಿನಲ್ಲಿ ಸುಮಾರು ಐವತ್ತು ದಿನ ನಿಂತು, ಉಡ್ಡಿಯಾನಕ್ಕೆ ಜನರನ್ನು ಕಳುಹಿಸಿ ಕಾಶ್ಯಪೀಯ ಪಂಥದ ಗ್ರಂಥಗಳನ್ನು ಪ್ರತಿಮಾಡಿಸಿ ತರಿಸಿದನು. ಭಿಕ್ಷುಗಳು ಅರ್ಥವನ್ನು ಮರೆತರೆಂದು ಹಿಂದೆ ತಾನೇ ಆಕ್ಷೇಪಿಸಿದ್ದ ಆ ಪಾಳುಕಣಿವೆಯ ವಿಹಾರಗಳಲ್ಲಿಯೇ ಆತನಿಗೆ ಬೇಕಾದ ಗ್ರಂಥಗಳು ಉಳಿದಿದ್ದವು.

ಮತ್ತೆ ಹಿಂದೂಕುಷ್, ವಖಾನ್ ಕಣಿವೆ, ಬೇಸಗೆಯಲ್ಲಿಯೂ ಹಿಮ ಸುರಿಯುವ ಬೆಳೆಯಿಲ್ಲದ ಪಾಮೀರ್, ಅದರ ನಡುವಣ ಮಹಾಸರೋವರ. ತಷ್ಕುರ್ಗಾನ್ ದಾಟಿದ ಮೇಲೆ ಕಳ್ಳರ ಗುಂಪು ಎದುರಾದಾಗ ಬೆದರಿದ ಆನೆಯು ನೀರಿಗೆ ಬಿದ್ದು ಮುಳುಗಿತು. ತುರ್ಫಾನಿನ ಅರಸನಿಗೆ ಕೊಟ್ಟ ಮಾತು ನಡೆಯುವಂತಿರಲಿಲ್ಲ. ಆತನು ಮಡಿದು ಆ ರಾಜ್ಯವು 640ರಲ್ಲಿಯೇ ತಾಂಗ್ ಸಾಮ್ರಾಜ್ಯಕ್ಕೆ ಸೇರಿಹೋಗಿತ್ತು. ಖೋತಾನಿನಲ್ಲಿ ತಿಂಗಳುಗಟ್ಟಲೆ ಕಾದು, ಅನುಮತಿಯಿಲ್ಲದೆ ಹೋದ ತಪ್ಪನ್ನು ಚಕ್ರವರ್ತಿಗೆ ಪತ್ರಮುಖೇನ ನಿವೇದಿಸಿದನು. ಕ್ಷಮೆ ಮಾತ್ರವಲ್ಲ, ಸ್ವಾಗತವೇ ದೊರೆಯಿತು. 645ರ ಮೊದಲಲ್ಲಿ, 20 ಕುದುರೆಗಳ ಮೇಲೆ 657 ಗ್ರಂಥಗಳ 520 ಕಟ್ಟುಗಳನ್ನು ಹೇರಿಕೊಂಡು ಆತನು ಚಾಂಗನ್ ನಗರವನ್ನು ಪ್ರವೇಶಿಸಿದನು.

8. ಅನುವಾದದ ಎರಡು ದಶಕಗಳು

ಚಕ್ರವರ್ತಿ ತೈಜೋಂಗನು ಆತನಿಗೆ ರಾಜ್ಯದ ಅಧಿಕಾರಸ್ಥಾನವನ್ನು ನೀಡಬಯಸಿದನು. ಆತನು ಒಪ್ಪದೆ ಅನುವಾದಕ್ಕೆ ನೆರವನ್ನು ಮಾತ್ರ ಬೇಡಿದನು. ಪಶ್ಚಿಮದ ದೇಶಗಳ ವಿವರಗಳನ್ನು ಬರೆದುಕೊಡಬೇಕೆಂಬ ಚಕ್ರವರ್ತಿಯ ಅಪೇಕ್ಷೆಯಿಂದ 646ರಲ್ಲಿ ಸಿದ್ಧವಾದದ್ದೇ 138 ದೇಶಗಳ ವರ್ಣನೆಯುಳ್ಳ ಪ್ರವಾಸಗ್ರಂಥ. ಅದು ರಾಜಕಾರಣದ ಉಪಯೋಗಕ್ಕೂ ಉದ್ದೇಶಿತವಾಗಿದ್ದುದರಿಂದ ಅರಸರ ಬಲ, ಸೈನ್ಯ, ಬೆಳೆ, ದಾರಿಗಳ ವಿವರಗಳಿಗೆ ಅದರಲ್ಲಿ ಪ್ರಾಶಸ್ತ್ಯ ದೊರೆತಿದೆ. ಪುಲಕೇಶಿಯ ಆನೆಗಳು ಅದರಲ್ಲಿ ಸ್ಥಾನ ಪಡೆದುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಆತನ ದೃಷ್ಟಿಯಲ್ಲಿ ಮುಖ್ಯವಾದದ್ದು ಅನುವಾದದ ಕಾರ್ಯ. ಯಾವುದಕ್ಕಾಗಿ ಹೊರಟಿದ್ದನೋ ಆ ಯೋಗಾಚಾರಭೂಮಿಶಾಸ್ತ್ರದ ಅನುವಾದವು 648ರಲ್ಲಿ ಮುಗಿಯಿತು. ಗ್ರಂಥಗಳ ರಕ್ಷಣೆಗೆಂದು 652ರಲ್ಲಿ ಕಟ್ಟಿಸಿದ ಗೋಪುರವು ಅನೇಕ ಜೀರ್ಣೋದ್ಧಾರಗಳೊಂದಿಗೆ ಇಂದಿಗೂ ಷಿಯಾನ್ ನಗರದಲ್ಲಿ ನಿಂತಿದೆ. 656ರಲ್ಲಿ, ಹಿಮಪರ್ವತಗಳಲ್ಲಿ ಅಂಟಿದ ಹಳೆಯ ಬೇನೆ ಮರುಕಳಿಸಿ ಜೀವಕ್ಕೆ ಅಪಾಯವೊದಗಿತು. ಚೇತರಿಸಿಕೊಂಡ ಆತನು 660ರಲ್ಲಿ ಮಹಾಪ್ರಜ್ಞಾಪಾರಮಿತೆಯನ್ನು ಕೈಗೆತ್ತಿಕೊಂಡನು. ಸಂಕ್ಷೇಪಿಸಬೇಕೆಂಬ ಶಿಷ್ಯರ ಸಲಹೆಯನ್ನು ಬದಿಗಿಟ್ಟು, 600 ಸಂಪುಟಗಳನ್ನೂ ಬಿಡದೆ 663ರಲ್ಲಿ ಮುಗಿಸಿದನು. ಒಟ್ಟು 75 ಕೃತಿಗಳು, 1335 ಸಂಪುಟಗಳು. 664ರಲ್ಲಿ ಆತನು ತೀರಿಕೊಂಡನು.

9. ಉಪಸಂಹಾರ

ಜೂಲಿಯನನ ಫ್ರೆಂಚ್ (1857-58), ಬೀಲನ ಇಂಗ್ಲಿಷ್ (1884) ಅನುವಾದಗಳು ಮತ್ತು ವಾಟರ್ಸನ ವಿಮರ್ಶಾತ್ಮಕ ಅಧ್ಯಯನ (1904-05) ಇವುಗಳ ಮೂಲಕ ಈ ಗ್ರಂಥವು ಭಾರತೀಯ ಇತಿಹಾಸರಚನೆಗೆ ಒದಗಿತು. ನಾವು ಅದರಿಂದ ಪುಲಕೇಶಿಯ ಭಾಗವನ್ನು ಸ್ವೀಕರಿಸಿ, ಕೋಂಕಣಪುರದ ಹತ್ತು ಸಾವಿರ ಭಿಕ್ಷುಗಳನ್ನು ಬಹುಮಟ್ಟಿಗೆ ಪ್ರಶ್ನಿಸದೆ ಬಿಟ್ಟಿದ್ದೇವೆ. ನಾಲಂದಾದ ಉದಾಹರಣೆಯನ್ನು ನೆನೆದರೆ ಆ ಸಂಖ್ಯೆಯನ್ನು ಅಕ್ಷರಶಃ ಹಿಡಿಯುವಂತಿಲ್ಲ. ಹಾಗೆಂದು ತಳ್ಳಿಹಾಕುವಂತೆಯೂ ಇಲ್ಲ. ಆತನು ಅವನತಿಯನ್ನು ಕಂಡಲ್ಲಿ ಅವನತಿಯೆಂದೇ ಬರೆದವನು. ಕೋಂಕಣಪುರದಲ್ಲಿ ಅವನತಿಯ ಮಾತಿಲ್ಲ. ಏಳನೆಯ ಶತಮಾನದ ನಮ್ಮ ಶಾಸನಗಳು ಬೌದ್ಧರ ಬಗೆಗೆ ಹೆಚ್ಚು ಹೇಳುವುದಿಲ್ಲವಾದರೂ, ರವಿಕೀರ್ತಿಯ ಬಸದಿಯಿರುವ ಐಹೊಳೆಯ ಮೇಗುತಿ ಬೆಟ್ಟದಲ್ಲಿಯೇ ಎರಡು ಅಂತಸ್ತಿನ ಬೌದ್ಧ ವಿಹಾರವಿದೆ. ಬಳ್ಳಿಗಾವೆ ಮತ್ತು ಡಂಬಳಗಳಲ್ಲಿ ತಾರಾದೇವಿಯ ಆರಾಧನೆಯು ಹನ್ನೊಂದನೆಯ ಶತಮಾನದವರೆಗೂ ನಡೆದುದಕ್ಕೆ ಶಾಸನಗಳಿವೆ. ಯಾತ್ರಿಕನ ಮಾತಿಗೂ ಶಾಸನಗಳ ಮೌನಕ್ಕೂ ನಡುವಣ ಈ ಅಂತರವೇ ಸಂಶೋಧನೆಯ ವಿಷಯವಾಗಬೇಕಾಗಿದೆ.

ಕೋಂಕಣಪುರವನ್ನು ಗುರುತಿಸುವ ಕೆಲಸವು ಹತ್ತೊಂಬತ್ತನೆಯ ಶತಮಾನದ ಊಹೆಗಳಲ್ಲಿಯೇ ನಿಲ್ಲಬಾರದು. ಚೀನೀ ಮೂಲವನ್ನು ಬಲ್ಲವರ ನೆರವಿನಿಂದ ಈ ಎರಡು ಅಧ್ಯಾಯಗಳ ನೇರವಾದ, ಟಿಪ್ಪಣಿಸಹಿತ ಕನ್ನಡ ಅನುವಾದವಾಗಬೇಕು. ಆನೆಗೊಂದಿ, ಬನವಾಸಿಗಳೆರಡರ ಪರಿಸರದಲ್ಲಿಯೂ ಏಳನೆಯ ಶತಮಾನದ ಬೌದ್ಧ ಅವಶೇಷಗಳ ಶೋಧ ನಡೆಯಬೇಕು. ಅಲ್ಲಿಯವರೆಗೆ ಮಸ್ಕಿಯ ಬಂಡೆಯನ್ನು ಹ್ಯೂಯೆನ್ ತ್ಸಾಂಗನು ಕಂಡನೆಂದು ನಾವು ಹೇಳುವಂತಿಲ್ಲ. ಲಾಹುಲಿನ ಕಣಿವೆಗೆ ಹೋಗದೆ ಹೋದೆನೆಂದು ಆತನು ಬರೆಯಲಿಲ್ಲ. ಆತನ ಹೆಸರಿನಲ್ಲಿ ನಮ್ಮ ಊರಿನ ಬಗೆಗೆ ನಾವು ಹಾಗೆ ಬರೆಯುವುದು ಆತನಿಗೆ ಸಲ್ಲಿಸುವ ಗೌರವವಾಗಲಾರದು.